ಮನೆ ಹತ್ತಿರವಿದ್ದರೆ ಸೈಕಲ್ಲು ಸಾಕು



ಮುಂಬಯಿಯ ರಸ್ತೆಗಳಲ್ಲಿ ಕಾರುಗಳು ವಿಪರೀತವಾದುವು, ಇನ್ನು ಜನರು ಸೈಕಲ್ ತುಳಿಯಬೇಕು, ಒತ್ತಾಗಿ ಜನ ವಾಸಿಸುವ ಇಂಥ ಶಹರಕ್ಕೆ ಅದೇ ತಕ್ಕ ವಾಹನ ಎಂದು ದೊಡ್ಡವರು ಈಚೆಗೆ ಉಪದೇಶ ಮಾಡುವುದನ್ನು ಕೇಳುತ್ತೇವೆ. ಕೇಳಿದಾಗ ನಮ್ಮಲ್ಲಿ ಅನೇಕರಿಗೆ ನಗು ಬರುವುದು ಸಹಜ. ಹೋಟೆಲಿನ ಮೋರಿಯಲ್ಲಿ ಲೋಟ ತೊಳೆಯುವವನಿಗೂ ಗಿರಣಿಯಲ್ಲಿ ಪಾಳಿ ಮುಗಿಸಿ ಬಂದವನಿಗೂ ಕಾರು ಬಿಡು ಎಂದು ಹೇಳುವುದು, ಉಪವಾಸ ಬಿದ್ದವನಿಗೆ ಪಥ್ಯ ಹೇಳಿದ ಹಾಗೆ.

ಆದರೂ ಈ ಮಾತನ್ನು ನಕ್ಕು ಬಿಟ್ಟುಬಿಡಬಾರದೆಂದು ನನ್ನ ಅಭಿಪ್ರಾಯ. ಕಾರಿಲ್ಲದೆ ಶಹರವು ನಡೆದೀತೇ ಎಂಬ ಪ್ರಶ್ನೆಗೆ ನೂರು ವರ್ಷಗಳಿಂದ ಉತ್ತರ ಕೊಡುತ್ತ ಬಂದವರು ನಾವೇ. ನಮ್ಮನ್ನು ಕೇಳದೆ ಈ ಪ್ರಶ್ನೆಯನ್ನು ತೀರ್ಮಾನಿಸುವುದು ಹೇಗೆ?

ನಾನು ಏಳನೆಯ ತರಗತಿ ಮುಗಿಸಿ ಕುಂದಾಪುರದ ಕಡೆಯಿಂದ ಈ ಊರಿಗೆ ಬಂದವನು. ಪರೇಲಿನ ಒಂದು ಹೋಟೆಲಿನಲ್ಲಿ ನನ್ನ ಮೊದಲ ಕೆಲಸವೇ ಸೈಕಲ್ಲು. ಬೆಳಗಿನ ನಾಲ್ಕಕ್ಕೆ ಎದ್ದು ದಾದರದ ತರಕಾರಿ ಬಾಜಾರಿಗೆ ಹೋಗಿ, ಕ್ಯಾರಿಯರಿಗೆ ಎರಡು ಗೋಣಿ ಕಟ್ಟಿ, ಹ್ಯಾಂಡಲಿಗೆ ಚೀಲ ಸಿಕ್ಕಿಸಿ, ಭಟ್ಟರು ಒಲೆ ಹಚ್ಚುವುದರೊಳಗೆ ಹಿಂದಿರುಗುತ್ತಿದ್ದೆ. ಎಂಟು ವರ್ಷ ಹಾಗೆ ತುಳಿದೆ. ಕಾರು ಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ. ಅದು ನನ್ನ ತ್ಯಾಗವೇನೂ ಅಲ್ಲ. ಬಾಜಾರು ಹತ್ತಿರವಿತ್ತು, ಅಷ್ಟೇ.

ಊರಿಗೆ ಹೋದಾಗ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ. ಅಲ್ಲಿ ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಗದ್ದೆಯ ಆಚೆ. ಬಸ್ಸು ದಿನಕ್ಕೆ ಎರಡು ಸಲ. ರಾತ್ರಿ ಮಗುವಿಗೆ ಜ್ವರ ಬಂದರೆ ಯಾರದಾದರೂ ರಿಕ್ಷಾವೋ ಕಾರೋ ಬೇಕೇ ಬೇಕು. ಅವರನ್ನು ಕಾರಿನ ಮೋಹದವರೆಂದು ಹಳಿಯುವುದು ಅನ್ಯಾಯ. ಕಾರಿನ ಅಗತ್ಯವನ್ನು ಹುಟ್ಟಿಸುವುದು ದೂರವೇ ಹೊರತು ಮನುಷ್ಯನ ಸ್ವಭಾವವಲ್ಲ.

ಈಗ ಮುಂಬಯಿಯನ್ನು ನೋಡಿ. ಕೊಲಾಬಾದಿಂದ ಮಾಹೀಮಿನವರೆಗಿನ ಹಳೆಯ ಶಹರ 70 ಚದರ ಕಿಲೋಮೀಟರು ಕೂಡ ಇಲ್ಲ. 2011ರ ಜನಗಣತಿಯ ಪ್ರಕಾರ ಅಷ್ಟರಲ್ಲಿ 30 ಲಕ್ಷಕ್ಕೂ ಹೆಚ್ಚು ಜನ. ಅಷ್ಟು ಜನರೂ ಕಾರಿನಲ್ಲಿ ಹೊರಟರೆ ರಸ್ತೆಯಲ್ಲಿ ಕಾಲಿಡಲಾದರೂ ಜಾಗ ಉಳಿದೀತೇ? ಈ ಶಹರ ಉಸಿರಾಡುತ್ತಿರುವುದೇ ಲೋಕಲ್ ಗಾಡಿಯಿಂದ, ಬೆಸ್ಟ್ ಬಸ್ಸಿನಿಂದ, ನಮ್ಮ ಕಾಲುಗಳಿಂದ. ಡಬ್ಬಾವಾಲಾ ಬಂಧುಗಳನ್ನೇ ನೋಡಿ. ಮನೆಯಿಂದ ಸ್ಟೇಶನಿಗೆ ಸೈಕಲ್ಲು, ನಡುವೆ ಲೋಕಲ್ಲು, ಮತ್ತೆ ಸ್ಟೇಶನಿನಿಂದ ಕಚೇರಿಗೆ ಸೈಕಲ್ಲೋ ಕೈಗಾಡಿಯೋ. 1890ರಿಂದ ಈ ಕ್ರಮ ಬೆಳೆದು ಬಂದಿದೆ. ಎರಡು ತುದಿಗೆ ಸೈಕಲ್ಲು, ನಡುವೆ ರೈಲು ಎಂಬ ಸೂತ್ರವನ್ನು ಅವರು ಯಾವ ಕಾಲೇಜಿನಲ್ಲಿಯೂ ಕಲಿಯಲಿಲ್ಲ.

ಹಾಗಾದರೆ ಸೈಕಲ್ಲು ಮತ್ತು ಒತ್ತಾದ ವಸತಿ ಕಾರಿಗೆ ಬದಲಾಗಬಲ್ಲವೇ? ಆಗಬಲ್ಲವು ಎಂದೇ ನನ್ನ ಉತ್ತರ. ಆದರೆ ದುಡಿಯುವವನು ದುಡಿಯುವ ಸ್ಥಳದ ಹತ್ತಿರ ಇರಬೇಕು. ಆ ಹತ್ತಿರವನ್ನೇ ನಮ್ಮಿಂದ ಕಸಿದುಕೊಳ್ಳಲಾಗಿದೆ.

ಗಿರಣಗಾಂವಿನ ಹಿರಿಯರು ಇದನ್ನು ಬಲ್ಲರು. ಭೋಂಗಾ ಕೂಗಿದ ಮೇಲೆ ಚಾಳಿನಿಂದ ಇಳಿದು, ನಡೆದೇ ಪಾಳಿಗೆ ಮುಟ್ಟುತ್ತಿದ್ದ ಕಾಲ ಅದು. 1982ರ ಜನವರಿಯಲ್ಲಿ ಮುಷ್ಕರ ಪ್ರಾರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತರು. ಗಿರಣಿಗಳು ಒಂದೊಂದಾಗಿ ಮುಚ್ಚಿದುವು. 1991ರ ನಿಯಮದಂತೆ ಗಿರಣಿಯ ಜಮೀನನ್ನು ಮೂರು ಪಾಲು ಮಾಡಿ, ಒಂದು ಪಾಲು ನಗರಪಾಲಿಕೆಗೆ, ಒಂದು ಪಾಲು ವಸತಿಗಾಗಿ ಮ್ಹಾಡಾಕ್ಕೆ, ಒಂದು ಪಾಲು ಮಾಲಿಕರಿಗೆ ಎಂದಿತ್ತು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ಜಾಗವನ್ನು ಮಾತ್ರ ಹಂಚಿದರೆ ಸಾಕೆಂದು ಮಾಡಿದರು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಹೀಗೆ ನಮ್ಮ ಪಾಲು ಕರಗಿತು, ಗೋಪುರಗಳು ಎದ್ದುವು.

ಆ ಗೋಪುರಗಳ ಬುಡವನ್ನು ನೋಡಿದ್ದೀರಾ? ಕೆಳಗಿನ ಎಷ್ಟೋ ಮಾಳಿಗೆಗಳಲ್ಲಿ ಮನುಷ್ಯರಿಲ್ಲ, ಕಾರುಗಳು ವಾಸಿಸುತ್ತವೆ. ಒಂದು ಕಾರು ನಿಲ್ಲಲು ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದ ಬೇಕು. ಅಂದರೆ ಸುಮಾರು 135 ಚದರ ಅಡಿ. ಗಿರಣಿ ಕಾರ್ಮಿಕನಿಗೆ ಮ್ಹಾಡಾ ಕಟ್ಟಿದ ಮನೆ 225 ಚದರ ಅಡಿ. ಲೆಕ್ಕ ನೀವೇ ಮಾಡಿ: ಎರಡು ಕಾರುಗಳಿಗೆ ಕೊಡುವ ಜಾಗ ಒಂದು ಸಂಸಾರದ ಮನೆಗಿಂತ ದೊಡ್ಡದು.

ಆ ಸಣ್ಣ ಮನೆಯಾದರೂ ಎಲ್ಲರಿಗೂ ಸಿಕ್ಕಿತೇ? ಲಾಟರಿಯಲ್ಲಿ ಹೆಸರು ಬಂದವರು ಕೆಲವರು, ಕಾದು ಕುಳಿತವರು ಬಹಳ. 2024ರಲ್ಲಿ ಸರಕಾರವು ಗಿರಣಿ ಕಾರ್ಮಿಕರಿಗೆ ಶೇಲು ಮತ್ತು ವಾಂಗಣಿಗಳಲ್ಲಿ ಮನೆ ಕೊಡುವ ಯೋಜನೆಯನ್ನು ಮುಂದಿಟ್ಟಿತು. ಬದಲಾಪುರವನ್ನೂ ದಾಟಿ ಕರ್ಜತಿನ ದಾರಿಯಲ್ಲಿರುವ ಊರುಗಳವು. ಕಾರ್ಮಿಕ ಸಂಘಟನೆಗಳು ಅದನ್ನು ವಿರೋಧಿಸಿದುದು ಸರಿಯಾಗಿಯೇ ಇದೆ. ವಾಂಗಣಿಯಿಂದ ಪರೇಲಿಗೆ ಯಾರು ಸೈಕಲ್ ತುಳಿದಾರು?

ನನ್ನ ಗತಿಯೂ ಬೇರೆಯಲ್ಲ. ಮದುವೆಯಾದ ಮೇಲೆ ಪರೇಲಿನ ಬಾಡಿಗೆ ಕೈಗೆಟುಕದೆ ನಾಲಾಸೋಪಾರಾದಲ್ಲಿ ಖೋಲಿ ಮಾಡಿದೆ. ಸೈಕಲ್ಲನ್ನು ಹೋಟೆಲಿನ ಹೊಸ ಹುಡುಗನಿಗೆ ಬಿಟ್ಟೆ. ಕೊನೆಯ ಲೋಕಲ್ ತಪ್ಪಿದ ಎಷ್ಟೋ ರಾತ್ರಿ ಮತ್ತೆ ಹೋಟೆಲಿನ ಬೆಂಚಿನ ಮೇಲೆಯೇ ಮಲಗಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಒತ್ತಾದ ವಸತಿ ಒಳ್ಳೆಯದೆಂದು ಹೊಗಳುವಾಗ, ಒಂದು ಖೋಲಿಯಲ್ಲಿ ಹನ್ನೆರಡು ಜನ ಪಾಳಿಯ ಮೇಲೆ ಮಲಗುವುದನ್ನು ಯಾರೂ ಹೊಗಳದಿರಲಿ. ದಟ್ಟಣೆ ಬೇರೆ, ಇಕ್ಕಟ್ಟು ಬೇರೆ. ಶಾಲೆ, ದವಾಖಾನೆ, ಬಾಜಾರು, ಕೆಲಸ ಎಲ್ಲವೂ ನಡೆದು ಮುಟ್ಟುವಷ್ಟು ಹತ್ತಿರವಿರುವುದು ದಟ್ಟಣೆ. ಕಾಲು ಚಾಚಲು ಜಾಗವಿಲ್ಲದಿರುವುದು ಇಕ್ಕಟ್ಟು. ನಮಗೆ ಮೊದಲನೆಯದು ಬೇಕು, ಎರಡನೆಯದನ್ನು ಸಾಕಷ್ಟು ಉಂಡಿದ್ದೇವೆ.

ಇನ್ನು ರಸ್ತೆಯ ಮಾತು. ನಮ್ಮೊಡನೆ ಇದ್ದ ಒಬ್ಬ ಹುಡುಗ ಹಾಲಿನ ಕ್ಯಾನು ತರುವಾಗ, ನಿಂತಿದ್ದ ಕಾರಿನ ಬಾಗಿಲು ಫಕ್ಕನೆ ತೆರೆದು ಕೆಳಗೆ ಬಿದ್ದ. ಮೊಣಕಾಲು ಮುರಿಯಿತು. ಮೂರು ತಿಂಗಳು ಊರಿನಲ್ಲಿ ಮಲಗಿ ಹಿಂದಿರುಗುವಾಗ ಸಂಬಳವೂ ಇಲ್ಲ, ಕೆಲಸವೂ ಇಲ್ಲ. ಇತ್ತ 2024ರಿಂದ ಹಂತಹಂತವಾಗಿ ತೆರೆದ ಕೋಸ್ಟಲ್ ರೋಡಿಗೆ ಹದಿಮೂರು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಸುರಿದರು. ಅದರ ಕಾರುದಾರಿಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಅದೇ ಶಹರದಲ್ಲಿ 2025ರ ಮೇ ತಿಂಗಳಲ್ಲಿ ಬೆಸ್ಟ್ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10 ರೂಪಾಯಿಗೆ ಏರಿತು. ಯಾರ ದಾರಿಗೆ ಹಣವಿದೆ, ಯಾರ ದಾರಿಗೆ ಇಲ್ಲ ಎಂಬುದು ಇದರಿಂದ ಸ್ಪಷ್ಟ.

ಮಳೆಗಾಲದ ಮೂರು ನಾಲ್ಕು ತಿಂಗಳು ಸೈಕಲ್ಲು ಕಷ್ಟ; ಹನ್ನೆರಡು ತಾಸು ನಿಂತ ಕಾಲಿಗೆ ಏರುದಾರಿ ಕಷ್ಟ; ವಯಸ್ಸಾದವರಿಗೂ ರಾತ್ರಿ ಪಾಳಿಯ ಹೆಂಗಸರಿಗೂ ಕಷ್ಟ. ಇದೆಲ್ಲ ನಿಜ. ಅದಕ್ಕೇ ಸೈಕಲ್ಲೊಂದರಿಂದಲೇ ಎಲ್ಲವೂ ಆದೀತೆಂದು ನಾನು ಹೇಳುವುದಿಲ್ಲ. ಸೈಕಲ್ಲು, ಬಸ್ಸು, ಲೋಕಲ್ಲು ಮೂರೂ ಕೈಹಿಡಿದು ನಡೆಯಬೇಕು.

ಹಾಲೆಂಡಿನಲ್ಲಿ ಎಲ್ಲರೂ ಸೈಕಲ್ ತುಳಿಯುತ್ತಾರೆ, ಅದು ಅವರ ಹುಟ್ಟುಗುಣ ಎನ್ನುವವರುಂಟು. ಅದು ತಪ್ಪು. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿತಂದೆಯರು ಬೀದಿಗಿಳಿದು ಚಳವಳಿ ಹೂಡಿದ ಮೇಲೆ ಸರಕಾರದ ಕಣ್ಣು ತೆರೆಯಿತು. ಇಂದು ಅಲ್ಲಿನ ಉತ್ರೆಖ್ತ್ ಎಂಬ ಊರಿನ ರೈಲು ನಿಲ್ದಾಣದಲ್ಲಿ 12,500 ಸೈಕಲ್ ನಿಲ್ಲಿಸುವ ಜಾಗವಿದೆ. ಹೋರಾಡದೆ ಯಾವ ದೇಶದಲ್ಲಿಯೂ ಯಾರಿಗೂ ಏನೂ ಸಿಕ್ಕಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳನ್ನು ನಾವೇ ಬರೆಯೋಣ. ಗಿರಣಿ ಕಾರ್ಮಿಕರಿಗೆ ಮನೆ ಮುಂಬಯಿಯಲ್ಲೇ ಸಿಗಬೇಕು. ಹೋಟೆಲ್ ಕಾರ್ಮಿಕರಿಗೆ ಕೆಲಸದ ಹತ್ತಿರ ಬಾಡಿಗೆಯ ವಸತಿಗೃಹಗಳಾಗಬೇಕು. ಪ್ರತಿ ಲೋಕಲ್ ಸ್ಟೇಶನಿನಲ್ಲಿ ಸೈಕಲ್ ನಿಲ್ಲಿಸಲು ಕಾವಲಿರುವ ಜಾಗ ಬೇಕು. ಬಸ್ಸುಗಳು ಹೆಚ್ಚಬೇಕು, ದರ ಇಳಿಯಬೇಕು. ಕೆಲಸದ ಮೇಲೆ ಸೈಕಲ್ ತುಳಿಯುವವನಿಗೆ ಅಪಘಾತವಾದರೆ ಪರಿಹಾರ ಸಿಗಬೇಕು.

ಸಂಘದ ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಚೀಟಿ ತನ್ನಿ. ಮನೆಯಿಂದ ಕೆಲಸಕ್ಕೆ ಎಷ್ಟು ದೂರ, ಎಷ್ಟು ತಾಸು, ಎಷ್ಟು ಖರ್ಚು ಎಂದು ಅದರಲ್ಲಿ ಬರೆದಿರಲಿ. ಬರೆಯಲು ಬಾರದವರು ನಮ್ಮಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ. ಆ ಚೀಟಿಗಳ ಕಟ್ಟನ್ನು ಹಿಡಿದುಕೊಂಡೇ ಪಾಲಿಕೆಯ ಬಾಗಿಲಿಗೆ ಹೋಗೋಣ.