ಲೆಕ್ಕ ಕೇಳುವ ಪ್ರೀತಿ



ನಾಗಲದಿನ್ನೆ, ಆದೋನಿ ಸೀಮೆಯ ಕೂಲಿ ಕುಟುಂಬಗಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ವಲಸೆ ಹೋಗುತ್ತವೆ. ಗುಂಪಿನ ಮೇಸ್ತ್ರಿ ನಮ್ಮ ಸಭೆಯವನೇ ಆಗಿದ್ದರೆ ಮುಂಗಡದ ಲೆಕ್ಕ ಕೇಳಲು ಬಾಯಿ ಬರುವುದಿಲ್ಲ. ಸಹೋದರನ ಮೇಲೆ ಸಂಶಯವೇ ಎನ್ನುತ್ತೇವೆ. ಆಮೇಲೆ ಬೆನ್ನ ಹಿಂದೆ ಆಡಿಕೊಳ್ಳುತ್ತೇವೆ. ಈ ದಾಕ್ಷಿಣ್ಯಕ್ಕೆ ಪ್ರೀತಿಯೆಂಬ ಹೆಸರು ಬೇರೆ!

ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದೆಂದು ಪೌಲನು ಸಭೆಗಳು ಆರಿಸಿದ ಸಹೋದರರನ್ನು ಜೊತೆಗಿಟ್ಟುಕೊಂಡನು (2 ಕೊರಿಂಥ 8). ಅಪೊಸ್ತಲನಿಗೇ ಬೇಕಾದ ಸಾಕ್ಷಿ ಮೇಸ್ತ್ರಿಗೆ ಬೇಡವೇ? ಸಭೆಯ ಹಿರಿಯನಿಗೆ, ಖಜಾಂಚಿಗೆ ಬೇಡವೇ?

ಹೊರಡುವ ಮುಂಚೆ ಮುಂಗಡವೆಷ್ಟು, ಕೂಲಿಯೆಷ್ಟು ಎಂದು ಇಬ್ಬರ ಮುಂದೆ ಬರೆದಿಡಿರಿ. ಓದು ಬಾರದವರಿಗೆ ಓದಿ ಹೇಳಿರಿ. ತಪ್ಪು ಕಂಡರೆ ಮತ್ತಾಯ 18ರಲ್ಲಿರುವಂತೆ ಮೊದಲು ಅವನೊಬ್ಬನ ಬಳಿಗೇ ಹೋಗಿ ಮಾತಾಡಿರಿ.