ಇಂದಿರಮ್ಮನ ಎರಡು ಲೆಕ್ಕ



ನಮ್ಮ ಬೇಗಂಪೇಟೆಗೆ ಮೆದಕ್ ಬಹಳ ದೂರವೇನಲ್ಲ. 1984ರ ಅಕ್ಟೋಬರ್ 31ರಂದು ತಮ್ಮದೇ ಅಂಗರಕ್ಷಕರ ಗುಂಡಿಗೆ ಬಲಿಯಾದಾಗ ಪ್ರಧಾನಿ ಇಂದಿರಾ ಗಾಂಧಿಯವರು ಮೆದಕ್‌ನ ಸಂಸದೆ. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತಿದ್ದ ಅವರನ್ನು ಮರುವರ್ಷ ಗೆಲ್ಲಿಸಿ ಕಳಿಸಿದ್ದು ನಮ್ಮ ಚಿಕ್ಕಮಗಳೂರು.

1971ರ ಯುದ್ಧ ಗೆದ್ದ ಧೀರೆಯೆಂದು ಹಿರಿಯರು ಇಂದಿಗೂ ಕೈಮುಗಿಯುತ್ತಾರೆ. ನಿಜವೇ. ಆದರೆ ಅವರು ಹೇರಿದ ತುರ್ತು ಪರಿಸ್ಥಿತಿಯಲ್ಲಿ, ‘ಸಂಸ್ಕಾರ’ ಚಿತ್ರದ ಚಂದ್ರಿ ಸ್ನೇಹಲತಾ ರೆಡ್ಡಿ ವಿಚಾರಣೆಯಿಲ್ಲದೆ ಬೆಂಗಳೂರು ಜೈಲಿನಲ್ಲಿ ಉಬ್ಬಸದಿಂದ ನರಳಿದರು. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇಂದಿರಾ ಹತ್ಯೆಯ ಸೇಡೆಂದು ದೆಹಲಿಯಲ್ಲಿ ಏನೂ ಅರಿಯದ ಸಿಖ್ಖರನ್ನು ಕೊಂದರು.

ಹತರಾದವರಿಗಾಗಿ ಮರುಗುವುದು ಮನುಷ್ಯಧರ್ಮ. ಕಣ್ಣೀರಿನಲ್ಲಿ ಲೆಕ್ಕ ಅಳಿಸಿಹೋಗಬಾರದು, ಅಷ್ಟೆ. ಮನೆಯ ಅಜ್ಜ-ಅಜ್ಜಿಯರನ್ನು ಎರಡೂ ಕಡೆಯ ಮಾತು ಕೇಳಿ, ಬರೆದಿಟ್ಟುಕೊಳ್ಳಿ.