ಹಸಿರು ವಿಮಾನನಿಲ್ದಾಣದ ಅರೆಲೆಕ್ಕ

ಕೇರಳದ ನೆಡುಂಬಾಶೇರಿಯಲ್ಲಿರುವ ಕೊಚ್ಚಿ ಅಂತಾರಾಷ್ಟ್ರೀಯ ವಿಮಾನನಿಲ್ದಾಣವು 2015ರ ಆಗಸ್ಟ್ 18ರಂದು 45 ಎಕರೆ ನೆಲದಲ್ಲಿ 12 ಮೆಗಾವ್ಯಾಟ್ ಸಾಮರ್ಥ್ಯದ ಸೌರಸ್ಥಾವರವನ್ನು ಚಾಲನೆಗೊಳಿಸಿ, ಸಂಪೂರ್ಣವಾಗಿ ಸೌರಶಕ್ತಿಯಿಂದ ನಡೆಯುವ ಜಗತ್ತಿನ ಪ್ರಥಮ ವಿಮಾನನಿಲ್ದಾಣವೆಂಬ ಕೀರ್ತಿಗೆ ಪಾತ್ರವಾಯಿತು. 2018ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿಯೂ ದೊರೆಯಿತು. ಫಲಕಗಳ ನಡುವೆ ತರಕಾರಿ ಬೆಳೆಯುತ್ತಾರೆ. ಫಲಕ ತೊಳೆದ ನೀರೇ ಆ ಗಿಡಗಳಿಗೆ ಆಸರೆ. ಮೆಚ್ಚತಕ್ಕ ಕಾರ್ಯವೇ ಸರಿ. ಆದರೆ ಮೆಚ್ಚಿಗೆಯ ಭರದಲ್ಲಿ ಖಾತೆಯನ್ನು ತೆರೆದು ನೋಡದಿರುವುದು ವ್ಯಾಪಾರನೀತಿಯೂ ಅಲ್ಲ, ವಿವೇಕವೂ ಅಲ್ಲ.

ಈ ಸ್ಥಾವರದಿಂದ 25 ವರ್ಷಗಳಲ್ಲಿ 3 ಲಕ್ಷ ಟನ್ನಿನಷ್ಟು ಇಂಗಾಲದ ಡೈ ಆಕ್ಸೈಡ್ ತಪ್ಪುವುದೆಂಬುದು ನಿಲ್ದಾಣದವರದೇ ಅಂದಾಜು. ವರ್ಷಕ್ಕೆ 12,000 ಟನ್ ಆಯಿತು. ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೋ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ಅಂದಮೇಲೆ ವರ್ಷದ ಉಳಿತಾಯವೆಲ್ಲವೂ ಸುಮಾರು 3,800 ಟನ್ ಇಂಧನದ ಹೊಗೆಗೆ ಸಮ. 2023-24ರಲ್ಲಿ ಈ ನಿಲ್ದಾಣದಲ್ಲಿ ಬಂದುಹೋದ ಪ್ರಯಾಣಿಕರು ಒಂದು ಕೋಟಿಗೂ ಅಧಿಕ. ಹಂಚಿದರೆ ತಲೆಗೆ 400 ಗ್ರಾಂ ಕೂಡ ಬಾರದು. ಆಮೇಲೆ ಸಾಮರ್ಥ್ಯವು ಸುಮಾರು ನಾಲ್ಕು ಪಟ್ಟಾಗಿದೆಯಲ್ಲವೇ ಎಂದರೆ, ಆಗಲಿ, ಒಂದೂವರೆ ಕಿಲೋ ಎನ್ನೋಣ. ಕೊಲ್ಲಿ ದೇಶಕ್ಕೆ ಹಾರುವ ಒಬ್ಬನ ಪಾಲಿಗೆ ಉರಿಯುವ ಇಂಧನವಾದರೋ ಹತ್ತಾರು ಕಿಲೋ!

ಈ ಹತ್ತಾರು ಕಿಲೋ ಎಲ್ಲಿ ಮಾಯವಾಯಿತು? ನಿಲ್ದಾಣವು ತನ್ನ ದೀಪ, ಶೀತಯಂತ್ರ, ವಾಹನಗಳನ್ನು ಮಾತ್ರ ತನ್ನದೆಂದು ಎಣಿಸುತ್ತದೆ. ರೆಕ್ಕೆಯ ಕೆಳಗಿನ ಹೊಗೆ ವಿಮಾನ ಕಂಪನಿಯದು. ಇನ್ನು ರಾಷ್ಟ್ರಗಳು ವಿಶ್ವಸಂಸ್ಥೆಗೆ ಒಪ್ಪಿಸುವ ಲೆಕ್ಕದಲ್ಲಿ ಅಂತಾರಾಷ್ಟ್ರೀಯ ಹಾರಾಟದ ಇಂಧನವನ್ನು ಪ್ರತ್ಯೇಕವಾಗಿ ತೋರಿಸುತ್ತಾರೆಯೇ ಹೊರತು ಯಾವ ದೇಶದ ಮೊತ್ತಕ್ಕೂ ಕೂಡಿಸುವುದಿಲ್ಲ. ಜಮೆಯನ್ನು ಅಂಗಡಿಯ ಬಾಗಿಲಿಗೆ ತೂಗುಹಾಕಿ, ಸಾಲವನ್ನು ನೆರೆಯವನ ಖಾತೆಗೆ ಬರೆದ ವರ್ತಕನ ಅಢಾವೆ ಪತ್ರಕ್ಕೆ ಯಾವ ಲೆಕ್ಕಪರಿಶೋಧಕನೂ ರುಜು ಹಾಕಲಾರನು.

“ವಿಮಾನ ನಮ್ಮದಲ್ಲ, ನೆಲವಷ್ಟೇ ನಮ್ಮದು” ಎಂಬ ಸಮಜಾಯಿಷಿ ಎಲ್ಲ ನಿಲ್ದಾಣಗಳಿಂದಲೂ ಕೇಳಿಬರುತ್ತದೆ. ಆದರೆ ವಿಮಾನ ಇಳಿದದ್ದಕ್ಕೆ ಶುಲ್ಕ ಪಡೆಯುವವರು ಯಾರು? ಪ್ರಯಾಣಿಕರು ಹೆಚ್ಚಿದಷ್ಟೂ ಮಳಿಗೆಗಳ ಆದಾಯ ಹೆಚ್ಚುವುದು ಯಾರಿಗೆ? ಹೆಚ್ಚು ಹಾರಾಟಗಳನ್ನು ಕರೆತರಲೆಂದೇ ಕಟ್ಟಡ ವಿಸ್ತರಿಸುವವರು ಯಾರು? ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಈ ಮೂರಕ್ಕೂ ಹೊಣೆಯುಂಟೆಂಬ ಕೃತ-ಕಾರಿತ-ಅನುಮೋದನದ ವಿಚಾರವನ್ನು ಬಾಲ್ಯದಿಂದಲೇ ಕೇಳಿ ಬೆಳೆದವರಿಗೆ ಈ ಸಮಜಾಯಿಷಿ ಎಷ್ಟು ತೆಳುವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೌರಫಲಕ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದನ್ನೇ ತೋರಿಸಿ ಹೊಸ ನಿಲ್ದಾಣಗಳಿಗೂ ಓಡುಪಥಗಳಿಗೂ ಅನುಮತಿ ಪಡೆಯುವುದು ಸಲ್ಲದು. ಫಲಕಗಳು ಕೊಟ್ಟ ವಿದ್ಯುತ್ತಿನ ಯೂನಿಟ್ಟುಗಳನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕುವ ಪ್ರತಿ ನಿಲ್ದಾಣವೂ, ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಆ ವರ್ಷ ತನ್ನ ಅಂಗಳದಲ್ಲಿ ವಿಮಾನಗಳಿಗೆ ತುಂಬಿದ ಇಂಧನದ ಮೊತ್ತವನ್ನೂ ಅಚ್ಚು ಹಾಕಲಿ. ಹುಡುಕುವ ಶ್ರಮವೇನೂ ಇಲ್ಲ; ತುಂಬಿದ ಪ್ರತಿಯೊಂದು ಟ್ಯಾಂಕಿಗೂ ರಸೀದಿ ಇದ್ದೇ ಇದೆ.